ಮನೆಯಲ್ಲಿ ಗಿಟಾರ್ ಅಭ್ಯಾಸಕ್ಕೆ ಸಣ್ಣ ಆಂಪ್ ಆರಿಸುವುದು ಹೇಗೆ?

ನಾನು ಮೊದಲು ಕೊಂಡ ಆಂಪ್ (ಗಿಟಾರಿನ ಸೌಂಡು ಜೋರು ಮಾಡುವ ಆಂಪ್ಲಿಫೈಯರ್ ಡಬ್ಬಿ) 40 ವಾಟ್‌ನದು. 12 ಇಂಚಿನ ಸ್ಪೀಕರ್. ಅಂಗಡಿಯಲ್ಲಿ ನುಡಿಸಿದಾಗ ಎದೆಗೇ ತಾಗುವಂಥ ಸೌಂಡು. ಮನೆಗೆ ತಂದು, ರಾತ್ರಿ ಊಟ ಮುಗಿಸಿ ಆನ್ ಮಾಡಿದೆ. ವಾಲ್ಯೂಮ್ ನಾಬ್ ಸೊನ್ನೆಯಲ್ಲಿದ್ದರೆ ಏನೂ ಕೇಳಿಸುತ್ತಿರಲಿಲ್ಲ. ಕೂದಲೆಳೆಯಷ್ಟು ತಿರುಗಿಸಿದರೆ ಪಕ್ಕದ ರೂಮಿನಲ್ಲಿ ಮಲಗಿದ್ದ ಮಗು ಎದ್ದು ಕೂರುತ್ತಿತ್ತು. ಎರಡರ ನಡುವೆ ನನಗೆ ಬೇಕಾಗಿದ್ದ ಜಾಗ ಆ ನಾಬಿನಲ್ಲಿ ಇರಲೇ ಇಲ್ಲ. ಎರಡು ವರ್ಷ ಆ ಆಂಪಿನ ಮೇಲೆ ಬಟ್ಟೆ ಹೊದಿಸಿಟ್ಟು, ಎಲೆಕ್ಟ್ರಿಕ್ ಗಿಟಾರನ್ನು ಸುಮ್ನೆ ಹಾಗೇ ನುಡಿಸಿಕೊಂಡಿದ್ದೆ.

ಆಮೇಲೊಂದು ದಿನ ಗೆಳೆಯನ ಮನೆಯಲ್ಲಿ 5 ಇಂಚಿನ ಸ್ಪೀಕರಿನ ಪುಟ್ಟ ಡಬ್ಬಿಯೊಂದನ್ನು ಕೇಳಿದೆ. ನಾವು ಮಾತಾಡುತ್ತಲೇ ಇದ್ದೆವು. ಅದು ನಮ್ಮ ಮಾತಿಗಿಂತ ಮೆಲ್ಲಗೆ ನುಡಿಯುತ್ತಿತ್ತು. ಆದರೂ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಮನೆಗೆ ತರುವ ಆಂಪ್ ಎಷ್ಟು ಸಣ್ಣ ಸೌಂಡಿನಲ್ಲಿ ಚೆನ್ನಾಗಿ ನುಡಿಯುತ್ತದೆ ಎಂಬುದನ್ನೇ ನೋಡಿ ಕೊಳ್ಳಬೇಕು ಅಂತ ಅವತ್ತು ಗೊತ್ತಾಯಿತು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ನಿಮ್ಮ ಮನೆ ಎಷ್ಟು ಸೌಂಡು ತಾಳಿಕೊಳ್ಳುತ್ತದೆ?

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ನೀವು ನುಡಿಸುವುದು ಯಾವ ಹೊತ್ತಿನಲ್ಲಿ? ಆ ಹೊತ್ತಿನಲ್ಲಿ ಮನೆಯಲ್ಲಿ ಯಾರು ಏನು ಮಾಡುತ್ತಿರುತ್ತಾರೆ? ನಿಮ್ಮ ಗೋಡೆ ಯಾರ ಗೋಡೆಗೆ ಅಂಟಿಕೊಂಡಿದೆ?

ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಒಂಬತ್ತೂವರೆಗೆ ಕೆಲಸದಿಂದ ಬಂದು ಗಿಟಾರ್ ಹಿಡಿಯುವವರಿಗೂ, ತೋಟದ ಮನೆಯಲ್ಲಿ ಸಂಜೆ ನುಡಿಸುವವರಿಗೂ ಬೇಕಾದ ಆಂಪ್ ಒಂದೇ ಅಲ್ಲ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ಅವುಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಇಬ್ಬರು ಮಾಮೂಲಿಯಾಗಿ ಮಾತಾಡಿಕೊಂಡರೇ ಸುಮಾರು 60 ಡೆಸಿಬಲ್ ಆಗುತ್ತದೆ. ನಿಮ್ಮ ರೂಮಿನೊಳಗೆ ಮಾತಿನಷ್ಟೇ ಸೌಂಡು ಇದ್ದರೆ ಗೋಡೆಯಾಚೆಗೆ ಹೋಗುವುದು ಕಮ್ಮಿ. ಅದನ್ನೇ ನಿಮ್ಮ ಅಳತೆ ಮಾಡಿಕೊಳ್ಳಿ. ಆಂಪ್ ನುಡಿಯುತ್ತಿರುವಾಗ ದನಿ ಏರಿಸದೆ ಪಕ್ಕದವರ ಹತ್ತಿರ ಮಾತಾಡಲು ಬರಬೇಕು.

ಹೆಜ್ಜೆ 2: ಗಿಟಾರ್ ಯಾವುದು?

ಇದನ್ನು ಕೇಳದೆ ಆಂಪ್ ಕೊಂಡವರು ತುಂಬ ಜನ. ನಮ್ಮ ಕಡೆ ಬಹಳ ಜನರ ಕೈಯಲ್ಲಿರುವುದು 'ಸೆಮಿ-ಅಕೂಸ್ಟಿಕ್' ಅಂತ ಕರೆಯುವ ಗಿಟಾರ್. ಅಂದರೆ ಪಿಕಪ್ (ತಂತಿಯ ನಡುಕವನ್ನು ಕರೆಂಟಿನ ಸಿಗ್ನಲ್ ಮಾಡುವ ಭಾಗ) ಕೂರಿಸಿದ ಮಾಮೂಲಿ ಮರದ ಗಿಟಾರ್. ನಿಮ್ಮದೂ ಅದೇ ಆಗಿದ್ದರೆ, ಮನೆ ಅಭ್ಯಾಸಕ್ಕೆ ಆಂಪೇ ಬೇಡ. ಅದರ ಹೊಟ್ಟೆಯೇ ಆಂಪ್. ಆ ದುಡ್ಡಿನಲ್ಲಿ ಒಳ್ಳೆ ತಂತಿ ಹಾಕಿಸಿ, ಸೆಟಪ್ ಮಾಡಿಸಿ.

ಆದರೂ ಆಂಪ್ ಬೇಕೇ ಬೇಕು ಅಂದರೆ ಎಲೆಕ್ಟ್ರಿಕ್ ಗಿಟಾರಿನ ಆಂಪ್ ತರಬೇಡಿ. ಆ ಸ್ಪೀಕರುಗಳು ಸುಮಾರು 5,000 ಹರ್ಟ್ಸ್ ಮೇಲಿನ ಸ್ವರಗಳನ್ನು ಬೇಕೆಂದೇ ಕತ್ತರಿಸುತ್ತವೆ. ಡಿಸ್ಟಾರ್ಷನ್ನಿನ (ರಾಕ್ ಹಾಡುಗಳಲ್ಲಿ ಕೇಳುವ ಒಡೆದ, ಗರಗರ ಸೌಂಡಿನ) ಕಿರಿಕಿರಿ ತಗ್ಗಿ ಸೌಂಡು ದುಂಡಗಾಗುವುದು ಅದರಿಂದಲೇ. ಮರದ ಗಿಟಾರಿನ ಹೊಳಪು ಇರುವುದು ಆ ಮೇಲಿನ ಸ್ವರಗಳಲ್ಲಿ. ಹಾಗಾಗಿ ಎಲೆಕ್ಟ್ರಿಕ್ ಆಂಪಿನಲ್ಲಿ ಅದು ಕಂಬಳಿ ಹೊದ್ದ ಹಾಗೆ ಕೇಳಿಸುತ್ತದೆ. ಟ್ವೀಟರ್ (ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್) ಇರುವ ಅಕೂಸ್ಟಿಕ್ ಆಂಪ್ ನೋಡಿ. ಇಲ್ಲವೇ ಯಾಮಹಾ ಟಿಎಚ್‌ಆರ್ ತರಹದ, ಎರಡೂ ಬಗೆಯ ಗಿಟಾರಿಗೆ ಬೇರೆ ಬೇರೆ ಸೆಟ್ಟಿಂಗ್ ಇರುವ ಆಂಪ್ ನೋಡಿ.

ಉಲ್ಟಾ ತಪ್ಪೂ ಇದೆ. ಎಲೆಕ್ಟ್ರಿಕ್ ಗಿಟಾರನ್ನು ಮನೆಯ ಹೋಮ್ ಥಿಯೇಟರಿಗೆ ಚುಚ್ಚಿದರೆ ಕ್ಲೀನ್ (ಡಿಸ್ಟಾರ್ಷನ್ ಇಲ್ಲದ) ಸೌಂಡು ಸಪ್ಪೆ, ಡಿಸ್ಟಾರ್ಷನ್ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಗಿಟಾರಿನ ಪಿಕಪ್ ಬಹಳ ಮೆಲುವಾದ ಸಿಗ್ನಲ್ ಕೊಡುತ್ತದೆ. ಅದನ್ನು ಹೀರಿ ಬತ್ತಿಸದಿರಲು ಆಂಪಿನ ಇನ್‌ಪುಟ್ಟಿನ ತಡೆ (ಇಂಪೀಡೆನ್ಸ್) ಸುಮಾರು 10 ಲಕ್ಷ ಓಮ್ ಇರಬೇಕು. ಹಾಡು ಕೇಳುವ ಸೆಟ್ಟುಗಳಲ್ಲಿ ಅಷ್ಟಿರುವುದಿಲ್ಲ.

ಹೆಜ್ಜೆ 3: ವಾಟ್ ಸಂಖ್ಯೆಗೆ ಮರುಳಾಗಬೇಡಿ

10 ವಾಟ್‌ಗಿಂತ 20 ವಾಟ್ ಎರಡು ಪಟ್ಟು ಜೋರು ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ? ಕಿವಿಯ ಲೆಕ್ಕ ಹಾಗಿಲ್ಲ. ವಾಟ್ ಎರಡು ಪಟ್ಟಾದರೆ ಸೌಂಡು ಏರುವುದು 3 ಡೆಸಿಬಲ್ ಮಾತ್ರ. 'ಸ್ವಲ್ಪ ಜಾಸ್ತಿ ಆಯ್ತು' ಅನ್ನಿಸುವಷ್ಟು. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು. ಅಂದರೆ 10 ವಾಟ್‌ನ ಎರಡು ಪಟ್ಟು 100 ವಾಟ್.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. 12 ಇಂಚಿನ ಗಿಟಾರ್ ಸ್ಪೀಕರಿಗೆ ಬರೀ 1 ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 95ರಿಂದ 100 ಡೆಸಿಬಲ್ ಬರುತ್ತದೆ. ಕಿವಿಗೆ ಕೈ ಅಡ್ಡ ಇಡಬೇಕು ಅನ್ನಿಸುವ ಸೌಂಡದು. ಮಾತಿನಷ್ಟು ಸೌಂಡಿಗೆ ಒಂದು ವಾಟಿನ ಸಣ್ಣ ಚೂರು ಸಾಕು. ಆದ್ದರಿಂದ 3 ವಾಟ್, 5 ವಾಟ್, 10 ವಾಟ್ ಇವೆಲ್ಲ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ. ಡ್ರಮ್ಸ್ ಜೊತೆ ನುಡಿಸುವ ಆಸೆ ಮುಂದೆ ಬಂದರೆ ಆಗ ಬೇರೆ ಆಂಪ್ ನೋಡಿದರಾಯಿತು. ಒಂದೇ ಆಂಪಿನಲ್ಲಿ ಎರಡೂ ಆಗಬೇಕು ಅನ್ನುವವರು ಪವರ್ ಇಳಿಸುವ ಸ್ವಿಚ್ ಇದೆಯಾ ನೋಡಿ. ಬಾಸ್ (Boss) ಕಂಪನಿಯ ಕಟಾನಾ 50ರಲ್ಲಿ 50, 25, 0.5 ವಾಟ್ ಅಂತ ಮೂರು ಹಂತಗಳಿವೆ. ಆ ಅರ್ಧ ವಾಟಿನ ಹಂತ ಮನೆಗೇ ಮಾಡಿದ್ದು.

ಹೆಜ್ಜೆ 4: ಸ್ಪೀಕರ್ ಗಾತ್ರ

ವಾಟ್‌ಗಿಂತ ಇದು ಕಿವಿಗೆ ಬೇಗ ಗೊತ್ತಾಗುತ್ತದೆ. ಗಿಟಾರಿನ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ 82 ಹರ್ಟ್ಸ್. 3 ಇಂಚಿನ ಸ್ಪೀಕರಿಗೆ ಆ ಸ್ವರವನ್ನು ನಿಜವಾಗಿ ತಳ್ಳುವ ಶಕ್ತಿ ಕಮ್ಮಿ. ಅದರ ಮೇಲಿನ ಸ್ವರಾಂಶಗಳು ಕೇಳಿಸುತ್ತವೆ, ಕೆಳಗಿನದನ್ನು ನಮ್ಮ ಮಿದುಳು ತುಂಬಿಕೊಳ್ಳುತ್ತದೆ. ಹಾಗಾಗಿ ಸ್ವರ ಯಾವುದು ಅಂತ ಗೊತ್ತಾದರೂ ತೂಕ ಇರುವುದಿಲ್ಲ.

ಬ್ಲ್ಯಾಕ್‌ಸ್ಟಾರ್ ಫ್ಲೈ 3ರಲ್ಲಿ 3 ಇಂಚು, ಕಟಾನಾ ಮಿನಿಯಲ್ಲಿ 4 ಇಂಚು, ರೋಲಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್‌ನಲ್ಲಿ 5 ಇಂಚು. ಫೆಂಡರ್ ಫ್ರಂಟ್‌ಮ್ಯಾನ್ 10ಜಿ, ಆರೆಂಜ್ ಕ್ರಷ್ 12 ಎರಡರಲ್ಲೂ 6 ಇಂಚು. ಮಾರ್ಷಲ್ ಎಂಜಿ10, ವಾಕ್ಸ್ ಪಾತ್‌ಫೈಂಡರ್ 10ರಲ್ಲಿ ಆರೂವರೆ. ಫೆಂಡರ್ ಮಸ್ಟಾಂಗ್ ಎಲ್‌ಟಿ25ರಲ್ಲಿ 8. ನನ್ನ ಕಿವಿಗೆ, ಮನೆಯ ಸೌಂಡಿನಲ್ಲಿ 6ರಿಂದ 8 ಇಂಚು ಹದವಾದ ಜಾಗ. ಅದಕ್ಕಿಂತ ಚಿಕ್ಕದಾದರೆ ತಂತಿ ಒಣಗಿದ ಹಾಗೆ, ದೊಡ್ಡದಾದರೆ ಮೆಲ್ಲಗೆ ನುಡಿಸಿದಾಗ ಸೌಂಡು ಡಬ್ಬಿಯೊಳಗೇ ಉಳಿದ ಹಾಗೆ. ಯಾಮಹಾ ಟಿಎಚ್‌ಆರ್ ಇದಕ್ಕೆ ಹೊರತು. ಅದರ ಸ್ಪೀಕರುಗಳು ಮೂರು ಇಂಚು ಚಿಲ್ಲರೆ ಅಷ್ಟೆ. ಆದರೆ ಮೇಜಿನ ಮೇಲಿಟ್ಟು ಹತ್ತಿರದಿಂದ ಕೇಳಲೆಂದೇ ಅದನ್ನು ಮಾಡಿರುವುದು. ಬೆಲೆ ಮಾತ್ರ ಸಾದಾ 10 ವಾಟ್ ಆಂಪಿನ ಮೂರ್ನಾಲ್ಕು ಪಟ್ಟು.

ಹೆಜ್ಜೆ 5: ವಾಲ್ವ್, ಟ್ರಾನ್ಸಿಸ್ಟರ್, ಮಾಡೆಲಿಂಗ್

ವಾಲ್ವ್ ಆಂಪಿನ (ಹಳೇ ರೇಡಿಯೋಗಳ ಹಾಗೆ ಒಳಗೆ ಗಾಜಿನ ವಾಲ್ವ್ ಇರುವ ಆಂಪಿನ) ಸೌಂಡು ಚಂದ, ಒಪ್ಪುತ್ತೇನೆ. ಆದರೆ ಆ ಚಂದ ಪೂರ್ತಿ ಬರುವುದು ಅದರ ಪವರ್ ವಾಲ್ವ್ ದುಡಿದಾಗ. 5 ವಾಟ್‌ನ ವಾಲ್ವ್ ಆಂಪನ್ನು ಆ ಮಟ್ಟಕ್ಕೆ ತಂದರೆ ಇಡೀ ಅಪಾರ್ಟ್‌ಮೆಂಟಿಗೆ ಕೇಳಿಸುತ್ತದೆ. ಬಿಸಿ ಜಾಸ್ತಿ, ತೂಕ ಜಾಸ್ತಿ, ವಾಲ್ವ್ ಸವೆದರೆ ಬದಲಿಸಬೇಕು. ಒಳಗೆ ನೂರಾರು ವೋಲ್ಟ್ ಓಡುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನಿಂತಿರುತ್ತದೆ. ಗೊತ್ತಿಲ್ಲದವರು ಅದನ್ನು ಬಿಚ್ಚಲೇಬಾರದು. ಮೊದಲ ಮನೆ ಆಂಪಾಗಿ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಟ್ರಾನ್ಸಿಸ್ಟರ್ ಆಂಪ್ ಸರಳ. ನಾಲ್ಕೈದು ನಾಬ್, ಆನ್ ಮಾಡಿದರೆ ನುಡಿಸಬಹುದು, ಹತ್ತು ವರ್ಷ ಬಾಳುತ್ತದೆ. ಹೆಸರಿರುವ ಕಂಪನಿಯದು ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹೊಸದಾಗಿ ಕಲಿಯುವವರಿಗೆ ನನ್ನ ಮೊದಲ ಮಾತು ಇದೇ.

ಮಾಡೆಲಿಂಗ್ ಆಂಪಿನೊಳಗೆ ಒಂದು ಸಣ್ಣ ಕಂಪ್ಯೂಟರ್ ಕೂತು ಬೇರೆ ಬೇರೆ ಆಂಪುಗಳ ಸೌಂಡನ್ನು ಅನುಕರಿಸುತ್ತದೆ. ಮೆಲ್ಲಗೆ ನುಡಿಸುವವರಿಗೆ ಇದರಿಂದ ನಿಜವಾದ ಲಾಭ ಇದೆ: ಜೋರು ಮಾಡದೆಯೇ ಜೋರಿನ ಟೋನ್ ಸಿಗುತ್ತದೆ. ಎಚ್ಚರ ಬೇಕಾದ್ದು ಎರಡು ಕಡೆ. ಅರ್ಧ ಸೆಟ್ಟಿಂಗ್ ಫೋನಿನ ಆಪ್‌ನಲ್ಲಿ ಮಾತ್ರ ಇದ್ದರೆ, ಆ ಆಪ್ ನಿಂತ ದಿನ ಆಂಪೂ ಅರ್ಧ ನಿಂತ ಹಾಗೆ. ಗೇನ್ (ಡಿಸ್ಟಾರ್ಷನ್ ಎಷ್ಟು ಬೇಕು ಅನ್ನುವುದು), ವಾಲ್ಯೂಮ್, ಬಾಸ್ (ತಗ್ಗು ಸ್ವರ), ಟ್ರೆಬಲ್ (ಮೇಲಿನ ಸ್ವರ) ಇಷ್ಟಕ್ಕಾದರೂ ಆಂಪಿನ ಮೈಮೇಲೆ ನಾಬ್ ಇರಲಿ. ಎರಡನೆಯದು, ಟೋನ್ ಹುಡುಕುತ್ತಲೇ ಅರ್ಧ ಗಂಟೆ ಕಳೆದುಹೋಗುತ್ತದೆ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ಮೊದಲ ತಿಂಗಳು ಒಂದೇ ಕ್ಲೀನ್ ಟೋನ್ ಕೊಡುತ್ತೇನೆ. ಕ್ಲೀನ್ ಟೋನಿನಲ್ಲಿ ಬೆರಳಿನ ತಪ್ಪು ಮುಚ್ಚಿಡಲು ಬರುವುದಿಲ್ಲ.

ಯಾವ ಬಗೆ ಆದರೂ ಗೇನ್ ಮತ್ತು ವಾಲ್ಯೂಮ್ ಎರಡೂ ಬೇರೆ ಬೇರೆ ಇರುವುದನ್ನೇ ತಗೊಳ್ಳಿ. ಗೇನ್ ಏರಿಸಿ ವಾಲ್ಯೂಮ್ ಇಳಿಸಿದರೆ ಡಿಸ್ಟಾರ್ಷನ್ ಕೂಡ ಪಿಸುಮಾತಿನಷ್ಟು ಮೆಲ್ಲಗೆ ಬರುತ್ತದೆ.

ಹೆಜ್ಜೆ 6: ತೂತುಗಳನ್ನು ಎಣಿಸಿ

ಹೆಡ್‌ಫೋನ್ ತೂತು ಕಡ್ಡಾಯ. ಚುಚ್ಚಿದ ಕೂಡಲೇ ಸ್ಪೀಕರ್ ಸುಮ್ಮನಾಗಬೇಕು. ವೈರ್ ಇರುವ ಹೆಡ್‌ಫೋನೇ ಬೇಕು. ಮಾಮೂಲಿ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸೌಂಡು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ತಡವಾಗಿ ಬರುವುದುಂಟು. ಗಾಳಿಯಲ್ಲಿ ಸೌಂಡು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ, ನಿಮ್ಮ ಆಂಪ್ 34 ಮೀಟರ್ ದೂರದ ಬೀದಿಯ ತುದಿಯಲ್ಲಿ ಇಟ್ಟ ಹಾಗೆ. ತಾಳ ಹಿಡಿಯುವುದು ಹೇಗೆ? ಬ್ಲೂಟೂತ್ ಇರಲಿ, ಆದರೆ ಅದು ಫೋನಿನಿಂದ ಆಂಪಿಗೆ ಹಾಡು ಕಳಿಸಲು.

ಹೆಡ್‌ಫೋನಿನಲ್ಲೂ ಮೆಲ್ಲಗೇ ಇರಲಿ. 80 ಡೆಸಿಬಲ್ ಆದರೆ ವಾರಕ್ಕೆ ಹೆಚ್ಚೆಂದರೆ 40 ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬಲ್ ಏರಿದ ಹಾಗೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ.

ಎರಡನೆಯದು ಆಕ್ಸ್ ತೂತು. ಫೋನಿನಿಂದ ಮೆಟ್ರೊನೋಮ್, ಹಾಡಿನ ಟ್ರ್ಯಾಕ್, ತಂಬೂರಿ ಆಪ್ ಎಲ್ಲ ಇದರಿಂದಲೇ. ಕೆಲವು ಸಣ್ಣ ಆಂಪುಗಳಲ್ಲಿ ಇದು ಇರುವುದಿಲ್ಲ, ನೋಡಿ ತಗೊಳ್ಳಿ. ಗಿಟಾರಿನಲ್ಲಿ ಕರ್ನಾಟಕ ಸಂಗೀತ ಅಭ್ಯಾಸ ಮಾಡುವವರಿಗೆ ಶ್ರುತಿ ಮತ್ತು ಗಿಟಾರ್ ಒಂದೇ ಸ್ಪೀಕರಿನಿಂದ ಬಂದರೆ ಎಷ್ಟು ಅನುಕೂಲ ಅಂತ ಹೇಳಬೇಕಿಲ್ಲ. ತಂತಿ ಎಳೆದು ಗಮಕ ತೆಗೆದಾಗ ಸ್ವರ ಎಲ್ಲಿ ನಿಂತಿತು ಅಂತ ಕೂಡಲೇ ತಿಳಿಯುತ್ತದೆ. ಯುಎಸ್‌ಬಿ ಇದ್ದರೆ ರೆಕಾರ್ಡಿಂಗಿಗೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಹಾಸ್ಟೆಲ್ಲು, ಪೀಜಿಯಲ್ಲಿ ಇರುವವರಿಗೆ ವಾಕ್ಸ್ ಆಂಪ್‌ಪ್ಲಗ್ ಅಂತ ಅಂಗೈಯಲ್ಲಿ ಹಿಡಿಯುವ ಪುಟ್ಟ ಆಂಪೊಂದಿದೆ. ನೇರ ಗಿಟಾರಿಗೇ ಚುಚ್ಚಿ ಹೆಡ್‌ಫೋನ್ ಹಾಕಿಕೊಂಡರಾಯಿತು. ಸ್ಪೀಕರ್ ಇಲ್ಲ. ರಾತ್ರಿ ಮಾತ್ರ ನುಡಿಸುವವರಿಗೆ ಅಷ್ಟೇ ಸಾಕಾಗಬಹುದು.

ಹೆಜ್ಜೆ 7: ಕರೆಂಟು

ಅಮೆರಿಕದಿಂದ ಬರುವ ಅಣ್ಣನಿಗೋ ಅಕ್ಕನಿಗೋ 'ಅಲ್ಲಿಂದ ಒಂದು ಆಂಪ್ ತಗೊಂಡು ಬಾ' ಅಂತ ಹೇಳುವ ಮೊದಲು ಇದನ್ನು ಓದಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ನನ್ನ ಸಂಬಂಧಿಯೊಬ್ಬರು ಪ್ರೀತಿಯಿಂದ ತಂದ ಆಂಪನ್ನು ಬರೀ ಪ್ಲಗ್ ಬದಲಿಸಿ ಹಾಕಿದೆವು. ಟಪ್ ಅಂದಿತು, ಸುಟ್ಟ ಅರಗಿನ ವಾಸನೆ ಬಂತು, ಅಲ್ಲಿಗೆ ಮುಗಿಯಿತು. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಆಂಪಿನ ಹಿಂದಿನ ಚೀಟಿಯಲ್ಲಿ ಅಥವಾ ಅದರ ಚಾರ್ಜರ್ ಮೇಲೆ '100-240 ವೋಲ್ಟ್' ಅಂತಿದ್ದರೆ ನಿಶ್ಚಿಂತೆ. 120 ಅಂತ ಮಾತ್ರ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಜಪಾನಿನದು 100 ವೋಲ್ಟ್. ಬ್ರಿಟನ್ ಮತ್ತು ಯುರೋಪಿನದು ನಮ್ಮ ಹಾಗೇ 230, ಪ್ಲಗ್ ಮಾತ್ರ ಬೇರೆ.

ಸಣ್ಣ ಆಂಪುಗಳು 9 ವೋಲ್ಟಿನ ಅಡಾಪ್ಟರಿನಲ್ಲಿ ನಡೆಯುವುದುಂಟು. ಅದು ಕಳೆದುಹೋದರೆ ವೈಫೈ ರೂಟರಿನದನ್ನು ತೆಗೆದು ಚುಚ್ಚಬೇಡಿ. ಗಿಟಾರ್ ಸಾಮಾನುಗಳಲ್ಲಿ ಹೆಚ್ಚಾಗಿ ಪಿನ್ನಿನ ನಡುಭಾಗ ಮೈನಸ್, ರೂಟರುಗಳಲ್ಲಿ ಸಾಮಾನ್ಯವಾಗಿ ಪ್ಲಸ್. ಚೀಟಿಯ ಮೇಲಿನ ಪುಟ್ಟ ವೃತ್ತದ ಚಿತ್ರ ನೋಡಿ ಎರಡನ್ನೂ ಹೋಲಿಸಿ.

ಕರೆಂಟು ಹೋಗಿಬರುವ ಊರಾದರೆ ಬ್ಯಾಟರಿಯಲ್ಲಿ ನಡೆಯುವುದು ಉಪಯೋಗ. ಮೈಕ್ರೋ ಕ್ಯೂಬ್, ಕಟಾನಾ ಮಿನಿ, ಫ್ಲೈ 3 ಮೂರಕ್ಕೂ ಆರಾರು ಪೆನ್ಸಿಲ್ ಸೆಲ್ ಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ ಝುಂಯ್ ಅನ್ನುವುದು ಸಹಜ, ಆಂಪಿನ ದೋಷ ಅಂದುಕೊಳ್ಳಬೇಡಿ.

ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ ಅರ್ಥ್. ಅದನ್ನು ಮುರಿದು ಎರಡು ಪಿನ್ ಮಾಡಬೇಡಿ. ಗಿಟಾರಿನ ತಂತಿ ಮುಟ್ಟಿದಾಗ ಹಮ್ (ಗುಂಯ್ ಸದ್ದು) ಕಮ್ಮಿಯಾದರೆ ಅದು ಸಾಮಾನ್ಯ. ಆದರೆ ಬೆರಳಿಗೆ ಜುಮ್ ಅಂದರೆ ತಕ್ಷಣ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಮುಟ್ಟಬೇಡಿ.

ಹೆಜ್ಜೆ 8: ಅಂಗಡಿಯಲ್ಲಿ ಹದಿನೈದು ನಿಮಿಷ

ಇಲ್ಲಿ ನಿಧಾನ ಮಾಡಿ. ವಾರದ ನಡುವೆ ಬೆಳಗ್ಗೆ ಹೋಗಿ, ಅಂಗಡಿ ಖಾಲಿ ಇರುತ್ತದೆ. ನಿಮ್ಮ ಗಿಟಾರ್, ನಿಮ್ಮ ಕೇಬಲ್, ನಿಮ್ಮ ಹೆಡ್‌ಫೋನ್ ಒಯ್ಯಿರಿ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲ ಆಂಪೂ ಚೆನ್ನಾಗಿಯೇ ಕೇಳಿಸುತ್ತದೆ.

ಅಂಗಡಿಯವರು ಪ್ರೀತಿಯಿಂದಲೇ ಜೋರಾಗಿ ಇಟ್ಟು ತೋರಿಸುತ್ತಾರೆ. 'ಸ್ವಲ್ಪ ನಾನೇ ನೋಡ್ತೀನಿ' ಅಂತ ಹೇಳಿ ವಾಲ್ಯೂಮ್ ಸೊನ್ನೆಗೆ ತನ್ನಿ. ಗೇನ್ ಕಮ್ಮಿ, ಬಾಸ್, ಟ್ರೆಬಲ್ ನಡುವಿಗೆ. ಈಗ ಒಂದು ಕೈಯಲ್ಲಿ ತಂತಿ ಮೀಟುತ್ತಾ ಇನ್ನೊಂದು ಕೈಯಲ್ಲಿ ವಾಲ್ಯೂಮನ್ನು ಬಹಳ ನಿಧಾನ ತಿರುಗಿಸಿ. ನಾಬನ್ನು ಗಡಿಯಾರ ಅಂದುಕೊಳ್ಳಿ, ಸೊನ್ನೆ ಅಂದರೆ ಏಳು ಗಂಟೆ. ಸೌಂಡು ಎಲ್ಲಿ ಹುಟ್ಟಿತು? ಏಳೂಕಾಲಿಗೆ ಏನೂ ಇಲ್ಲದೆ ಏಳೂವರೆಗೆ ದಿಢೀರ್ ಅಂತ ಎಗರಿತಾ? ಹಾಗಿದ್ದರೆ ಅದು ಮನೆಗೆ ಬೇಡ. ಏಳರಿಂದ ಹತ್ತರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ನಿಮಗೆ ಆಡಲು ಜಾಗ ಇದೆ. ನನ್ನ ಮೊದಲ ಆಂಪಿನಲ್ಲಿ ನಾನು ನೋಡದೇ ಹೋದದ್ದು ಇದನ್ನೇ.

ಮಾತಿನಷ್ಟು ಸೌಂಡಿನಲ್ಲಿ ನಿಲ್ಲಿಸಿ. ಜೊತೆಗೆ ಬಂದವರ ಹತ್ತಿರ ಮಾತಾಡಿ ನೋಡಿ. ಈಗ ಗಿಟಾರಿನಲ್ಲಿ ಒಂದು ಕಾರ್ಡ್ (ಸ್ವರಗುಚ್ಛ) ಹಿಡಿದು ಒಮ್ಮೆ ಮೀಟಿ ಬಿಟ್ಟುಬಿಡಿ. ಸದ್ದು ಆರುವವರೆಗೆ ಕೇಳುತ್ತಾ ಇರಿ. ಒಳ್ಳೆಯ ಆಂಪಿನಲ್ಲಿ ಆ ಬಾಲ ನಯವಾಗಿ ಸಣ್ಣದಾಗುತ್ತದೆ. ಸಾಮಾನ್ಯದ್ದರಲ್ಲಿ ಕೊನೆಗೆ ಕರಕರ ಅಂತ ಮುರಿದು ನಿಂತುಬಿಡುತ್ತದೆ. ಆಮೇಲೆ ಅದೇ ತಂತಿಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ ಮೀಟಿ. ನಿಮ್ಮ ಬೆರಳಿನ ವ್ಯತ್ಯಾಸ ಸ್ಪೀಕರಿನಲ್ಲೂ ಬರಬೇಕು.

ದಪ್ಪ ತಂತಿಯಲ್ಲಿ ಮೊದಲ ಫ್ರೆಟ್ಟಿನಿಂದ ಹನ್ನೆರಡರವರೆಗೆ ಒಂದೊಂದೇ ಸ್ವರ ನುಡಿಸುತ್ತಾ ಹೋಗಿ. ಯಾವುದಾದರೂ ಒಂದೇ ಸ್ವರಕ್ಕೆ ಡಬ್ಬಿ ಝರ್ ಅಂತ ನಡುಗಿದರೆ ಒಳಗೆ ಏನೋ ಸಡಿಲ ಇದೆ. ಕೊನೆಗೆ ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ ಸುಮ್ಮನೆ ಕೇಳಿ. ಆಗ ಉಳಿಯುವ ಸುಸ್ಸ್ ಸದ್ದು ಆಂಪಿನ ಸ್ವಂತದ್ದು. ಮಾತಿನಷ್ಟು ಮೆಲ್ಲಗೆ ನುಡಿಸುವಾಗ ಅದು ಗಿಟಾರಿನ ಮೇಲೆ ಬರಬಾರದು. ಹೆಡ್‌ಫೋನಿನಲ್ಲೂ ಇದೇ ಪರೀಕ್ಷೆ ಮಾಡಿ. ಕೆಲವು ಆಂಪುಗಳಲ್ಲಿ ಸ್ಪೀಕರ್ ನಿಶ್ಶಬ್ದ, ಹೆಡ್‌ಫೋನಿನಲ್ಲಿ ಮಳೆ ಸುರಿದ ಹಾಗೆ.

ಹಳೆಯ ಆಂಪ್ ಕೊಳ್ಳುತ್ತಿದ್ದರೆ ಇದೆಲ್ಲದರ ಜೊತೆ ಪ್ರತಿ ನಾಬನ್ನೂ ತುದಿಯಿಂದ ತುದಿಗೆ ತಿರುಗಿಸಿ. ಕರಕರ ಅಂದರೆ ಧೂಳು, ಸ್ಪ್ರೇ ಹಾಕಿದರೆ ಹೋಗಬಹುದು. ಕೇಬಲ್ಲಿನ ತುದಿ ಅಲುಗಾಡಿಸಿದಾಗ ಸೌಂಡು ಹೋಗಿಬಂದರೆ ಜ್ಯಾಕ್ ಸಡಿಲ. ಅದು ಸಣ್ಣ ರಿಪೇರಿ, ಬೆಲೆ ಇಳಿಸಿ ಕೇಳಿ. ಸ್ಪೀಕರಿನ ಕಾಗದ ಹರಿದಿದ್ದರೆ ಬಿಟ್ಟು ಬನ್ನಿ.

ಹೆಜ್ಜೆ 9: ಮನೆಗೆ ತಂದ ಮೇಲೆ

ನೆಲದ ಮೇಲೆ ನೇರ ಇಡಬೇಡಿ. ನಡುಕ ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ಸ್ಟೂಲಿನ ಮೇಲೆ ನಾಲ್ಕು ಮಡಿಕೆ ಜಮಖಾನ ಹಾಸಿ ಇಡಿ. ಮೂಲೆಗೆ ತಳ್ಳಿದರೆ ಬಾಸ್ ಗುಮ್ಮೆನ್ನುತ್ತದೆ, ಒಂದೆರಡು ಅಡಿ ಮುಂದಕ್ಕೆ ತನ್ನಿ. ಸ್ಪೀಕರಿನ ಮುಖ ಮೊಣಕಾಲಿಗಲ್ಲ, ಕಿವಿಗೆ ತಿರುಗಿರಲಿ. ಹಿಂಭಾಗಕ್ಕೆ ಒಂದು ಪುಸ್ತಕ ಒತ್ತಿಟ್ಟು ವಾಲಿಸಬಹುದು. ಇಷ್ಟು ಮಾಡಿದರೆ ಮೊದಲಿಗಿಂತ ಕಮ್ಮಿ ವಾಲ್ಯೂಮಿನಲ್ಲೇ ಎಲ್ಲ ಕೇಳಿಸುತ್ತದೆ.

ನಮ್ಮ ಮನೆಯಲ್ಲಿ ಐದನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗಲೆಲ್ಲ ಎಲ್ಲೋ ಟಿರ್‌ರ್ ಅನ್ನುತ್ತಿತ್ತು. ಆಂಪೇ ಕೆಟ್ಟಿದೆ ಅಂತ ಎರಡು ದಿನ ಹುಡುಕಿದೆ. ಶೋಕೇಸಿನಲ್ಲಿ ಒಂದರೊಳಗೊಂದು ಇಟ್ಟಿದ್ದ ಸ್ಟೀಲ್ ಲೋಟಗಳು! 110 ಹರ್ಟ್ಸ್‌ಗೆ ಅವು ನಡುಗುತ್ತಿದ್ದವು. ನಡುವೆ ಒಂದು ಕಾಗದ ಇಟ್ಟೆ, ನಿಂತಿತು.

ಸಣ್ಣ ಸೌಂಡಿನಲ್ಲಿ ನಮ್ಮ ಕಿವಿಗೆ ಬಾಸ್ ಕಮ್ಮಿ ಕೇಳಿಸುತ್ತದೆ, ತೀರ ಮೇಲಿನ ಸ್ವರಗಳೂ ಅಷ್ಟೆ. ಆದ್ದರಿಂದ ರಾತ್ರಿ ನುಡಿಸುವಾಗ ಬಾಸ್ ನಾಬನ್ನು ತುಸು ಏರಿಸಿ. ಗಂಟೆಯ ಲೆಕ್ಕದಲ್ಲಿ ಹನ್ನೆರಡರಿಂದ ಎರಡಕ್ಕೆ. ಹಗಲು ಜೋರು ಮಾಡುವಾಗ ಮತ್ತೆ ಇಳಿಸಿ, ಇಲ್ಲದಿದ್ದರೆ ಗುಂಯ್ ಅನ್ನುತ್ತದೆ.

ಮೊದಲ ವಾರ ಬೇರೆ ಬೇರೆ ಹೊತ್ತಿನಲ್ಲಿ ನುಡಿಸಿ. ಮನೆಯವರನ್ನು ಬಾಗಿಲಾಚೆ ನಿಲ್ಲಿಸಿ ಕೇಳಿ, ಆದರೆ ಪಕ್ಕದ ಮನೆಯವರನ್ನೂ ಒಮ್ಮೆ ಕೇಳಿ ಬನ್ನಿ. ಯಾವ ಜಾಗದಲ್ಲಿ ಯಾರಿಗೂ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ ನಾಬಿನ ಪಕ್ಕ ಗುರುತು ಮಾಡಿ. ನನ್ನ ಆಂಪಿನ ಕಪ್ಪು ಮೈಯ ಮೇಲೆ ಅಮ್ಮನ ಎರಡು ಸ್ಟಿಕ್ಕರ್ ಬೊಟ್ಟುಗಳಿವೆ. ಕೆಂಪು ಬೊಟ್ಟು ಹಗಲಿಗೆ, ಅದರ ಕೆಳಗಿನ ಹಸಿರು ಬೊಟ್ಟು ರಾತ್ರಿ ಹತ್ತರ ಮೇಲೆ.